ಹೀತ್‌ಲ್ಯಾಂಡ್: ಕಡಿದು ಉಳಿಸುವ ಬಯಲು

ಏನಿದು ಹೀತ್‌ಲ್ಯಾಂಡ್?

ಮರಳು ಬೆರೆತ, ಆಮ್ಲೀಯವಾದ, ಸತ್ವ ಕಡಿಮೆಯಿರುವ ಮಣ್ಣಿನ ಮೇಲೆ ಮೊಣಕಾಲೆತ್ತರದ ನಿತ್ಯಹಸಿರು ಪೊದೆಗಳು ಹಬ್ಬಿರುವ ತೆರೆದ ಬಯಲನ್ನು ಇಂಗ್ಲೆಂಡಿನಲ್ಲಿ ಹೀತ್‌ಲ್ಯಾಂಡ್ ಅಥವಾ ಸರಳವಾಗಿ ಹೀತ್ ಎನ್ನುತ್ತಾರೆ. ಇಲ್ಲಿನ ಮುಖ್ಯ ಸಸ್ಯ ಹೆದರ್. ಇದರ ಎಲೆ ಸೂಜಿಯಷ್ಟು ಸಣ್ಣದು, ಕಾಂಡ ಗಟ್ಟಿ. ಆಗಸ್ಟ್ ತಿಂಗಳಲ್ಲಿ ಇಡೀ ಬಯಲು ಅದರ ನಸುನೇರಳೆ ಹೂವಿನಿಂದ ತುಂಬಿಕೊಳ್ಳುತ್ತದೆ. ಅದರ ಜೊತೆಗೆ ಗಂಟೆಯಾಕಾರದ ಹೂ ಬಿಡುವ ಬೆಲ್ ಹೆದರ್, ತೇವವಿರುವ ತಗ್ಗುಗಳಲ್ಲಿ ಬೆಳೆಯುವ ಕ್ರಾಸ್‌ಲೀವ್ಡ್ ಹೀತ್, ಹಳದಿ ಹೂವಿನ ಮುಳ್ಳುಪೊದೆಯಾದ ಗಾರ್ಸ್ ಇರುತ್ತವೆ. ನೀರು ನಿಲ್ಲುವ ಜೌಗಿನಲ್ಲಿ ಕೀಟಭಕ್ಷಕ ಸಸ್ಯವಾದ ಡ್ರಾಸೆರಾ ಕೂಡ ಕಾಣಸಿಗುತ್ತದೆ. ಅದೇ ಕುಲದ ಬೇರೆ ಪ್ರಭೇದಗಳನ್ನು ಪಶ್ಚಿಮಘಟ್ಟದ ಜಂಬಿಟ್ಟಿಗೆ ಕಲ್ಲಿನ ಬಯಲುಗಳಲ್ಲಿ ಮಳೆಗಾಲದಲ್ಲಿ ನೋಡಬಹುದು. ಸಾರಜನಕ ಕಡಿಮೆಯಿರುವ ಮಣ್ಣಿನಲ್ಲಿ ಬದುಕಲು ಕೀಟವನ್ನು ಹಿಡಿದು ಜೀರ್ಣಿಸಿಕೊಳ್ಳುವ ಉಪಾಯವನ್ನು ಈ ಕುಲ ಎರಡೂ ಕಡೆ ಬಳಸುತ್ತದೆ.

ಹೀತ್‌ಲ್ಯಾಂಡಿನ ರಹಸ್ಯವೆಲ್ಲ ಮಣ್ಣಿನಲ್ಲಿದೆ. ಮಳೆನೀರು ಮರಳಿನ ಮೂಲಕ ಬೇಗ ಇಳಿಯುವಾಗ ಕಬ್ಬಿಣವನ್ನೂ ಖನಿಜ ಲವಣಗಳನ್ನೂ ಕೆಳಕ್ಕೆ ಒಯ್ಯುತ್ತದೆ. ಇದರಿಂದ ಮೇಲ್ಪದರದ ಕೆಳಗೆ ಬೂದಿಬಣ್ಣದ, ಸತ್ವಹೀನ ಮರಳಿನ ಪಟ್ಟಿ ಉಳಿಯುತ್ತದೆ. ಅದರ ಅಡಿಯಲ್ಲಿ ಕಬ್ಬಿಣ ಗಟ್ಟಿಯಾಗಿ ತುಕ್ಕುಬಣ್ಣದ ಪದರವಾಗುತ್ತದೆ. ಇಂಥ ಮಣ್ಣನ್ನು ಪಾಡ್ಸಾಲ್ ಎಂದು ಕರೆಯುತ್ತಾರೆ. ಗೊಬ್ಬರ ಬೇಡುವ ಹುಲ್ಲು, ಗಿಡಗಳು ಇಲ್ಲಿ ಸೊರಗುತ್ತವೆ. ಹೆದರ್ ಸಸ್ಯವಾದರೋ ತನ್ನ ಬೇರುಗಳೊಳಗೆ ವಾಸಿಸುವ ವಿಶಿಷ್ಟ ಶಿಲೀಂಧ್ರದ ನೆರವಿನಿಂದ ಇದ್ದಷ್ಟು ಪೋಷಕಾಂಶವನ್ನೇ ಹೀರಿಕೊಂಡು ಗೆಲ್ಲುತ್ತದೆ. ಬಡ ಮಣ್ಣು ಇಲ್ಲಿನ ದೋಷವಲ್ಲ, ಬಂಡವಾಳ. ಮುಂದೆ ವಿವರಿಸುವ ಕೆಲಸಗಳೆಲ್ಲ ಈ ಬಡತನವನ್ನು ಕಾಯ್ದುಕೊಳ್ಳುವ ಕೆಲಸಗಳೇ.

ಮನುಷ್ಯ ಮಾಡಿದ ಬಯಲು

ತಗ್ಗುಪ್ರದೇಶದ ಹೀತ್‌ಲ್ಯಾಂಡ್ ಬಹುಮಟ್ಟಿಗೆ ಮನುಷ್ಯನ ಕೈಯಿಂದ ಆದದ್ದು. ಶಿಲಾಯುಗದ ಕೊನೆಯಿಂದ ಕಂಚಿನ ಯುಗದವರೆಗೆ ದಕ್ಷಿಣ ಇಂಗ್ಲೆಂಡಿನ ಜನರು ಕಾಡು ಕಡಿದು ಬೇಸಾಯ ಮಾಡಿದರು. ಮರಳು ಮಣ್ಣು ಬೇಗನೆ ಸತ್ವ ಕಳೆದುಕೊಂಡಿತು, ಅಲ್ಲಿ ಹೆದರ್ ಬೇರೂರಿತು. ಆಮೇಲೆ ಸಾವಿರಾರು ವರ್ಷ ಆ ನೆಲ ಮತ್ತೆ ಕಾಡಾಗದಂತೆ ತಡೆದದ್ದು ಹಳ್ಳಿಗರ ನಿತ್ಯಜೀವನ. ದನ, ಕುರಿ, ಕುದುರೆಗಳು ಎಳೆಯ ಸಸಿಗಳನ್ನು ಮೇದವು. ಗಾರ್ಸ್ ಮುಳ್ಳನ್ನು ಒಲೆಗೂ ಬ್ರೆಡ್ ಸುಡುವ ಗೂಡಿಗೂ ಕಡಿದೊಯ್ದರು. ಬ್ರ್ಯಾಕನ್ ಎಂಬ ಎತ್ತರದ ಜರೀಗಿಡವನ್ನು ಕೊಯ್ದು ಕೊಟ್ಟಿಗೆಯಲ್ಲಿ ಹಾಸಿದರು. ಬೇರುಸಹಿತ ಮೇಲ್ಪದರವನ್ನೇ ಹೆಂಟೆಯಾಗಿ ಕತ್ತರಿಸಿ, ಒಣಗಿಸಿ ಉರುವಲು ಮಾಡಿಕೊಂಡರು. ಪ್ರತಿಯೊಂದು ಕೆಲಸವೂ ನೆಲದಿಂದ ಸ್ವಲ್ಪ ಸತ್ವವನ್ನು ಹೊರಗೆ ಸಾಗಿಸುತ್ತಿತ್ತು.

ಇಂಥ ಬಯಲುಗಳಲ್ಲಿ ಅನೇಕವು ‘ಕಾಮನ್’ಗಳು. ನೆಲದ ಒಡೆತನ ಒಬ್ಬ ಜಮೀನುದಾರನದು, ಮೇಯಿಸುವ ಮತ್ತು ಉರುವಲು ತರುವ ಹಕ್ಕು ಸುತ್ತಲಿನ ಕುಟುಂಬಗಳದು. ನಮ್ಮ ಊರುಗಳ ಗೋಮಾಳವನ್ನು ನೆನೆದರೆ ಈ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ. ಗೋಮಾಳದಂತೆಯೇ ಇದಕ್ಕೂ ‘ಪಾಳು ನೆಲ’ ಎಂಬ ಹಣೆಪಟ್ಟಿ ಅಂಟಿತು, ಅದರ ಪರಿಣಾಮವೂ ಊಹಿಸಬಹುದಾದದ್ದೇ.

ಕರಗಿಹೋದ ಬಗೆ

1800ರಿಂದ ಈಚೆಗೆ ಇಂಗ್ಲೆಂಡಿನ ತಗ್ಗುಪ್ರದೇಶದ ಹೀತ್‌ಲ್ಯಾಂಡಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನಾಶವಾಗಿದೆ. ಹಾಗಿದ್ದರೂ ಜಗತ್ತಿನಲ್ಲಿ ಉಳಿದಿರುವ ಇಂಥ ನೆಲದ ಸುಮಾರು ಐದರಲ್ಲೊಂದು ಪಾಲು ಬ್ರಿಟನ್ನಿನಲ್ಲಿದೆ ಎಂಬುದು ಅಂದಾಜು. ನೈರುತ್ಯ ಭಾಗದ ಡಾರ್ಸೆಟ್ ಕೌಂಟಿಯ ಲೆಕ್ಕ ಹೆಚ್ಚು ಸ್ಪಷ್ಟವಾಗಿ ದಾಖಲಾಗಿದೆ. ಹಳೆಯ ನಕ್ಷೆಗಳನ್ನು ಹೋಲಿಸಿ ನಾರ್ಮನ್ ಮೂರ್ ಎಂಬ ಪರಿಸರ ವಿಜ್ಞಾನಿ 1962ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1811ರ ವೇಳೆಗೆ ಅಲ್ಲಿ ಸುಮಾರು 30,000 ಹೆಕ್ಟೇರ್ ಇದ್ದ ಹೀತ್, 1960ಕ್ಕೆ ಸುಮಾರು 10,000 ಹೆಕ್ಟೇರಿಗೆ ಇಳಿದಿತ್ತು. ಅಷ್ಟೇ ಅಲ್ಲ, ಕೆಲವೇ ದೊಡ್ಡ ತುಂಡುಗಳಾಗಿದ್ದದ್ದು ನೂರಕ್ಕೂ ಹೆಚ್ಚು ಚೂರುಗಳಾಗಿತ್ತು.

ಇದಕ್ಕೆ ಕಾರಣಗಳು ಹಲವು. ಸುಣ್ಣ ಮತ್ತು ರಾಸಾಯನಿಕ ಗೊಬ್ಬರ ಬಂದ ಮೇಲೆ ಬಯಲನ್ನು ಉತ್ತು ಹೊಲ ಮಾಡುವುದು ಲಾಭದಾಯಕವಾಯಿತು. ಮೊದಲ ಮಹಾಯುದ್ಧದಲ್ಲಿ ಮರಮಟ್ಟಿನ ಕೊರತೆ ಕಂಡ ಸರಕಾರ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿತು. ಅಗ್ಗದ ನೆಲವೆಂದು ಹೀತ್‌ಗಳ ಮೇಲೆ ಪೈನ್ ನೆಡುತೋಪುಗಳು ಎದ್ದವು. ಮರಳು, ಜಲ್ಲಿ, ಜೇಡಿಮಣ್ಣಿನ ಗಣಿಗಳು, ರಸ್ತೆಗಳು, ಮನೆಗಳು ಮತ್ತಷ್ಟನ್ನು ನುಂಗಿದವು. ಕಣ್ಣಿಗೆ ಬೀಳದ ಕಾರಣವೇ ಹೆಚ್ಚು ಗಂಭೀರವಾದದ್ದು: ಕಲ್ಲಿದ್ದಲು, ಅನಿಲ ಬಂದ ಮೇಲೆ ಗಾರ್ಸ್ ಕಡಿಯುವವರಿಲ್ಲ, ದನ ಮೇಯಿಸುವವರಿಲ್ಲ. ಥಾಮಸ್ ಹಾರ್ಡಿಯ 1878ರ ಕಾದಂಬರಿ ‘ದಿ ರಿಟರ್ನ್ ಆಫ್ ದಿ ನೇಟಿವ್’ನಲ್ಲಿ ನಾಯಕ ಕ್ಲಿಮ್ ಯೋಬ್ರೈಟ್ ಜೀವನೋಪಾಯಕ್ಕೆ ಗಾರ್ಸ್ ಕಡಿಯುತ್ತಾನೆ. ಡಾರ್ಸೆಟ್ಟಿನ ಆ ಕೂಲಿ ಮುಂದಿನ ತಲೆಮಾರುಗಳಿಗೆ ಉಳಿಯಲಿಲ್ಲ. 1953ರಲ್ಲಿ ಬ್ರಿಟನ್ನಿಗೆ ಬಂದ ಮಿಕ್ಸೊಮಟೋಸಿಸ್ ರೋಗ ಮೊಲಗಳನ್ನು ಅಳಿಸಿತು, ಮೇಯುವ ಕೊನೆಯ ಬಾಯಿಗಳೂ ಕಡಿಮೆಯಾದವು. ಬರ್ಚ್, ಪೈನ್ ಸಸಿಗಳು ಹೆದರನ್ನು ಮೀರಿ ಮೇಲೆದ್ದವು. ಹಾಗೆಯೇ ಬಿಟ್ಟರೆ ಕೆಲವು ದಶಕಗಳಲ್ಲಿ ಹೀತ್ ಕಾಡಾಗುತ್ತದೆ.

ಕಾಡಾದರೆ ನಷ್ಟವೇನು?

ಮರ ಬೆಳೆದರೆ ಒಳ್ಳೆಯದೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಈ ಬಯಲಿನ ಜೀವಿಗಳಲ್ಲಿದೆ. ಸ್ಯಾಂಡ್ ಲಿಝರ್ಡ್ ಎಂಬ ಮರಳು ಹಲ್ಲಿ ತನ್ನ ಮೊಟ್ಟೆಗಳಿಗೆ ಕಾವು ಕೊಡುವುದಿಲ್ಲ. ಬಿಸಿಲು ನೇರವಾಗಿ ಬೀಳುವ ಬರಿ ಮರಳಿನಲ್ಲಿ ಅವನ್ನು ಹೂತಿಡುತ್ತದೆ, ಸೂರ್ಯನೇ ಕಾವು ಕೊಡಬೇಕು. ಇಂಗ್ಲೆಂಡಿನ ಮಂದ ಬೇಸಿಗೆಯಲ್ಲಿ ಒಂದು ಪೈನ್ ಮರದ ನೆರಳೂ ಆ ಮೊಟ್ಟೆಗಳಿಗೆ ಮಾರಕ. ಬ್ರಿಟನ್ನಿನ ಮೂಲನಿವಾಸಿ ಸರೀಸೃಪಗಳು ಒಟ್ಟು ಆರು. ಆರೂ ಡಾರ್ಸೆಟ್ಟಿನ ಹೀತ್‌ಗಳಲ್ಲಿವೆ. ಅವುಗಳಲ್ಲಿ ಸ್ಮೂತ್ ಸ್ನೇಕ್ ಎಂಬ ವಿಷವಿಲ್ಲದ ಹಾವು ಅಲ್ಲಿ ಹೆಚ್ಚುಕಡಿಮೆ ಹೀತ್ ಬಿಟ್ಟು ಬೇರೆಡೆ ಇಲ್ಲವೆನ್ನಬಹುದು.

ಸಿಲ್ವರ್ ಸ್ಟಡೆಡ್ ಬ್ಲೂ ಎಂಬ ನೀಲಿ ಚಿಟ್ಟೆಯ ಬದುಕು ಇನ್ನೂ ಸೂಕ್ಷ್ಮ. ಕಪ್ಪಿರುವೆಗಳ ಗೂಡಿನ ಸಮೀಪ, ಬರಿ ನೆಲದ ಅಂಚಿನಲ್ಲಿ ಅದು ಮೊಟ್ಟೆಯಿಡುತ್ತದೆ. ಮರಿಹುಳು ಸಿಹಿ ದ್ರವವನ್ನು ಒಸರುತ್ತದೆ. ಇರುವೆಗಳು ಆ ದ್ರವಕ್ಕಾಗಿ ಅದನ್ನು ಶತ್ರುಗಳಿಂದ ಕಾಯುತ್ತವೆ. ಹೆದರ್ ಬಲಿತು ನೆಲವನ್ನೆಲ್ಲ ಮುಚ್ಚಿದರೆ ಬಿಸಿಲೂ ಇಲ್ಲ, ಇರುವೆಯೂ ಇಲ್ಲ, ಚಿಟ್ಟೆಯೂ ಇಲ್ಲ.

ಹಕ್ಕಿಗಳಲ್ಲಿ ಮೂರು ಮುಖ್ಯ: ನೆಲದ ಮೇಲೆ ಮೊಟ್ಟೆಯಿಡುವ ನೈಟ್‌ಜಾರ್, ಅಂದರೆ ನಮ್ಮ ನತ್ತಿಂಗ ಹಕ್ಕಿಯ ಬಂಧು, ವುಡ್‌ಲಾರ್ಕ್ ಎಂಬ ಬಾನಾಡಿ, ಗಾರ್ಸ್ ಪೊದೆಗಳಲ್ಲಿ ವಾಸಿಸುವ ಪುಟ್ಟ ಡಾರ್ಟ್‌ಫರ್ಡ್ ವಾರ್ಬ್ಲರ್. ವಾರ್ಬ್ಲರ್ ಚಳಿಗಾಲಕ್ಕೂ ವಲಸೆ ಹೋಗುವುದಿಲ್ಲ. 1962–63ರ ಭೀಕರ ಹಿಮಗಾಲ ಮುಗಿದಾಗ ಇಡೀ ದೇಶದಲ್ಲಿ ಹತ್ತು ಹನ್ನೆರಡು ಜೋಡಿಗಳಷ್ಟೇ ಉಳಿದಿದ್ದವು.

ಕೂಲಿಯಿಂದ ಸ್ವಯಂಸೇವೆಗೆ

ಹಿಂದೆ ಹೊಟ್ಟೆಪಾಡಿಗಾಗಿ ನಡೆಯುತ್ತಿದ್ದ ಕಡಿತವನ್ನು ಈಗ ಯಾರಾದರೂ ಬೇಕೆಂದೇ ಮಾಡಬೇಕಾಗಿದೆ. ಈ ಸಂಘಟಿತ ಶ್ರಮದಾನದ ಆರಂಭವನ್ನು ಸಾಮಾನ್ಯವಾಗಿ 1959ಕ್ಕೆ ಗುರುತಿಸುತ್ತಾರೆ. ಆ ವರ್ಷ ಕೌನ್ಸಿಲ್ ಫಾರ್ ನೇಚರ್ ಎಂಬ ಒಕ್ಕೂಟ ‘ಕನ್ಸರ್ವೇಷನ್ ಕೋರ್’ ಎಂಬ ಸ್ವಯಂಸೇವಕ ದಳವನ್ನು ಕಟ್ಟಿತು. ಅದರ ಮೊದಲ ಕೆಲಸ ಸರ್ರಿ ಕೌಂಟಿಯ ಬಾಕ್ಸ್ ಹಿಲ್ ಎಂಬಲ್ಲಿ, ಸುಣ್ಣಕಲ್ಲಿನ ಹುಲ್ಲುಗಾವಲನ್ನು ಆಕ್ರಮಿಸಿದ್ದ ಪೊದೆಗಳನ್ನು ತೆರವುಗೊಳಿಸುವುದು. ಆ ದಳವೇ ಮುಂದೆ ಬೆಳೆದು ಇಂದು ‘ದಿ ಕನ್ಸರ್ವೇಷನ್ ವಾಲಂಟಿಯರ್ಸ್’ ಎಂಬ ಹೆಸರಿನಲ್ಲಿದೆ. ನ್ಯಾಷನಲ್ ಟ್ರಸ್ಟ್, ಹಕ್ಕಿಗಳ ಸಂರಕ್ಷಣೆಯ ಸಂಸ್ಥೆಯಾದ ಆರ್‌ಎಸ್‌ಪಿಬಿ, ಕೌಂಟಿಗಳ ವನ್ಯಜೀವಿ ಟ್ರಸ್ಟ್‌ಗಳು, ಉಭಯವಾಸಿ ಮತ್ತು ಸರೀಸೃಪಗಳಿಗೆಂದೇ ಇರುವ ಎಆರ್‌ಸಿ ಟ್ರಸ್ಟ್ ಇವೆಲ್ಲವೂ ತಮ್ಮದೇ ಸ್ವಯಂಸೇವಕ ತಂಡಗಳನ್ನು ಹೊಂದಿವೆ. ವಾರದ ದಿನಗಳ ತಂಡಗಳಲ್ಲಿ ನಿವೃತ್ತರು ಹೆಚ್ಚು, ವಾರಾಂತ್ಯದಲ್ಲಿ ನೌಕರಸ್ಥರು ಮತ್ತು ವಿದ್ಯಾರ್ಥಿಗಳು ಹೆಚ್ಚು. ಒಬ್ಬ ವೇತನ ಪಡೆಯುವ ರೇಂಜರ್ ಕೆಲಸ ತೋರಿಸುತ್ತಾನೆ, ಉಪಕರಣ ಕೊಡುತ್ತಾನೆ, ಅಪಾಯಗಳನ್ನು ಮೊದಲೇ ವಿವರಿಸುತ್ತಾನೆ. ನಡುವೆ ಚಹಾ ಮತ್ತು ಬಿಸ್ಕತ್ತಿನ ಬಿಡುವು ಇದ್ದೇ ಇರುತ್ತದೆ.

ಚಳಿಗಾಲದ ಕೆಲಸ

ಹೀತ್‌ಲ್ಯಾಂಡಿನ ಮುಖ್ಯ ಕೆಲಸದ ಋತು ಸೆಪ್ಟೆಂಬರಿನಿಂದ ಫೆಬ್ರುವರಿ ಕೊನೆಯವರೆಗೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಬಳಕೆಯಲ್ಲಿರುವ ಗೂಡನ್ನು ಹಾಳುಮಾಡುವುದು 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆಯಂತೆ ಅಪರಾಧ.

ಮೊದಲ ಗುರಿ ಪೈನ್ ಸಸಿಗಳು. ಬೆರಳುದ್ದದ ಸಸಿಯನ್ನು ಒದ್ದೆ ಮಣ್ಣಿನಿಂದ ಕೈಯಿಂದಲೇ ಕೀಳಬಹುದು. ದೊಡ್ಡದಾದರೆ ಬಿಲ್ಲು ಗರಗಸ ಬೇಕು. ಇಲ್ಲಿ ಒಂದು ನಿಯಮವನ್ನು ಹೊಸಬರಿಗೆ ತಪ್ಪದೆ ಹೇಳುತ್ತಾರೆ: ಅತ್ಯಂತ ಕೆಳಗಿನ ಕೊಂಬೆಗಿಂತ ಕೆಳಗೆ ಕತ್ತರಿಸಬೇಕು. ಹಾಗೆ ಕತ್ತರಿಸಿದ ಪೈನ್ ಸಾಯುತ್ತದೆ. ಒಂದೇ ಒಂದು ಹಸಿರು ಕೊಂಬೆ ಉಳಿದರೂ ಅದೇ ಮೇಲಕ್ಕೆ ತಿರುಗಿ ಹೊಸ ಮರವಾಗುತ್ತದೆ. ಬರ್ಚ್ ಮರದ್ದು ಬೇರೆಯೇ ಸ್ವಭಾವ. ಕಡಿದಷ್ಟೂ ಬೊಡ್ಡೆಯಿಂದ ಚಿಗುರುತ್ತದೆ. ಒಂದು ಕಾಂಡವಿದ್ದಲ್ಲಿ ಮರುವರ್ಷ ಹತ್ತು ಕಾಂಡ. ಆದ್ದರಿಂದ ಎಳೆಯ ಬರ್ಚನ್ನು ಸನ್ನೆಗೋಲಿನಂಥ ಉಪಕರಣದಿಂದ ಬೇರುಸಹಿತ ಎಬ್ಬಿಸುತ್ತಾರೆ. ಬಲಿತ ಮರವಾದರೆ ಕಡಿದ ಕೂಡಲೇ ಬೊಡ್ಡೆಗೆ ಕಳೆನಾಶಕ ಸವರುತ್ತಾರೆ. ಕಳೆನಾಶಕವನ್ನು ಮುಟ್ಟಲು ತರಬೇತಿಯ ಪ್ರಮಾಣಪತ್ರ ಬೇಕು, ಎಲ್ಲ ಸ್ವಯಂಸೇವಕರಿಗೂ ಆ ಅವಕಾಶವಿಲ್ಲ. ಯಂತ್ರಗರಗಸಕ್ಕೂ ಇದೇ ಮಾತು.

ಇನ್ನೊಂದು ಶತ್ರು ರೋಡೊಡೆಂಡ್ರಾನ್ ಪಾಂಟಿಕಮ್. ಅಲಂಕಾರಕ್ಕೆಂದು 18ನೆಯ ಶತಮಾನದಲ್ಲಿ ತಂದು ನೆಟ್ಟ ಈ ಪೊದೆ ಆಮ್ಲೀಯ ಮಣ್ಣಿನಲ್ಲಿ ಹುಲುಸಾಗಿ ಹಬ್ಬಿ, ತನ್ನ ದಟ್ಟ ನೆರಳಿನಲ್ಲಿ ಬೇರೇನನ್ನೂ ಬದುಕಗೊಡುವುದಿಲ್ಲ.

ಕಡಿಯುವುದು ಅರ್ಧ ಕೆಲಸ, ಸಾಗಿಸುವುದು ಇನ್ನರ್ಧ. ಕೊಂಬೆರೆಂಬೆಗಳನ್ನು ಅಲ್ಲೇ ಬಿಟ್ಟರೆ ಅವು ಕೊಳೆತು ಗೊಬ್ಬರವಾಗುತ್ತವೆ, ಮಣ್ಣಿನ ಬಡತನ ಕೆಡುತ್ತದೆ. ಆದ್ದರಿಂದ ಅವನ್ನು ಹೊರಗೆ ಒಯ್ಯುತ್ತಾರೆ, ಇಲ್ಲವೇ ಗೊತ್ತಾದ ಜಾಗದಲ್ಲಿ ಸುಡುತ್ತಾರೆ. ಕೆಲವೆಡೆ ನೆಲದಿಂದ ಎತ್ತರಿಸಿದ ಲೋಹದ ಹಾಳೆಯ ಮೇಲೆ ಬೆಂಕಿ ಹಾಕಿ, ಬೂದಿಯನ್ನೂ ಒಯ್ಯುತ್ತಾರೆ. ಕೃಷಿಕರು ಬೂದಿಯನ್ನು ಗೊಬ್ಬರವೆಂದು ಜೋಪಾನ ಮಾಡುವಾಗ ಇಲ್ಲಿ ಅದನ್ನು ಕಸದಂತೆ ಹೊರಹಾಕುವುದು ವಿಚಿತ್ರವೆನಿಸಬಹುದು, ಆದರೆ ತರ್ಕ ನೇರವಾಗಿದೆ.

ಹೆದರ್ ಗಿಡವನ್ನೂ ಕಡಿಯಬೇಕಾಗುತ್ತದೆ. ಅದರ ಬದುಕನ್ನು ಸಸ್ಯವಿಜ್ಞಾನಿಗಳು ನಾಲ್ಕು ಹಂತಗಳಲ್ಲಿ ಗುರುತಿಸಿದ್ದಾರೆ: ಎಳೆಯದು, ತುಂಬುತ್ತಿರುವುದು, ಬಲಿತದ್ದು, ಮುದಿಯಾದದ್ದು. ಸುಮಾರು 25 ವರ್ಷ ದಾಟಿದ ಗಿಡದ ನಡುಭಾಗ ಬಾಗಿ ತೆರೆದುಕೊಳ್ಳುತ್ತದೆ. ಒಂದೇ ಬಯಲಿನಲ್ಲಿ ನಾಲ್ಕೂ ಹಂತಗಳು ಪಕ್ಕಪಕ್ಕದಲ್ಲಿರುವಂತೆ, ವರ್ಷಕ್ಕೊಂದಿಷ್ಟು ತುಂಡುಗಳನ್ನು ಸರದಿಯಲ್ಲಿ ಕತ್ತರಿಸುವುದು ಉತ್ತಮ ಕ್ರಮ. ಎಳೆಯ ಹೆದರ್ ಚಿಟ್ಟೆಗೆ ಬೇಕು, ಬಲಿತದ್ದರ ದಟ್ಟಣೆ ಹಲ್ಲಿ, ಹಾವುಗಳಿಗೆ ಬೇಕು. ಎಲ್ಲವನ್ನೂ ಒಮ್ಮೆಗೇ ಬೋಳಿಸುವ ಉತ್ಸಾಹಿ ತಂಡ ಕೆಲಸ ಮಾಡದ ತಂಡಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು.

ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳಲ್ಲಿ ಮೇಲ್ಪದರವನ್ನು ಗುದ್ದಲಿಯಿಂದ ಕೆರೆದು ಬರಿ ಮರಳಿನ ಮಡಿಗಳನ್ನು ಮಾಡುವುದು ಮತ್ತೊಂದು ಕೆಲಸ. ಮರಳು ಹಲ್ಲಿಗೂ, ನೆಲ ಕೊರೆಯುವ ಒಂಟಿಜೇನುಗಳಿಗೂ ಇವೇ ಹೆರಿಗೆಮನೆ. ಇಂಥ ಬಿಸಿಲಿಳಿಜಾರುಗಳಲ್ಲೇ ಆ್ಯಡರ್ ಎಂಬ ವಿಷದ ಹಾವು ಚಳಿಗಾಲದಲ್ಲಿ ನೆಲದೊಳಗೆ ನಿದ್ರಿಸುವುದರಿಂದ, ಎಲ್ಲಿ ಅಗೆಯಬಾರದೆಂಬುದನ್ನು ರೇಂಜರ್ ಮೊದಲೇ ಗುರುತು ಹಾಕಿರುತ್ತಾನೆ.

ಬೇಸಿಗೆಯ ಕೆಲಸ

ಬೇಸಿಗೆಯಲ್ಲಿ ಬ್ರ್ಯಾಕನ್ ಸರದಿ. ಈ ಜರೀಗಿಡದ ಶಕ್ತಿಯೆಲ್ಲ ನೆಲದೊಳಗಿನ ಕಾಂಡದಲ್ಲಿದೆ. ಎಲೆ ಬಿಚ್ಚಿ ಆ ಶಕ್ತಿ ಖರ್ಚಾದ ಹೊತ್ತಿಗೆ ಕೊಯ್ದರೆ, ಅಥವಾ ರೋಲರ್ ಎಳೆದು ಜಜ್ಜಿದರೆ, ಗಿಡ ಮತ್ತೆ ತನ್ನ ದಾಸ್ತಾನಿನಿಂದಲೇ ಚಿಗುರಬೇಕಾಗುತ್ತದೆ. ವರ್ಷಕ್ಕೆ ಎರಡು ಬಾರಿಯಂತೆ ಹಲವು ವರ್ಷ ಮುಂದುವರಿಸಿದರೆ ದಾಸ್ತಾನು ಬರಿದಾಗುತ್ತದೆ. ಒಂದು ವರ್ಷ ತಪ್ಪಿಸಿದರೂ ಗಿಡ ಸಾಕಷ್ಟು ಚೇತರಿಸಿಕೊಳ್ಳುತ್ತದೆ.

ಎಣಿಕೆಯೂ ಬೇಸಿಗೆಯ ಕೆಲಸವೇ. ಜೂನ್ ತಿಂಗಳ ಮುಸ್ಸಂಜೆಯಲ್ಲಿ ಗಂಡು ನೈಟ್‌ಜಾರ್ ಚರಕ ತಿರುಗಿಸಿದಂತೆ ಎಡೆಬಿಡದೆ ಸದ್ದು ಮಾಡುತ್ತದೆ. ಆ ಸದ್ದನ್ನು ಎಣಿಸಿದ ರಾಷ್ಟ್ರೀಯ ಸಮೀಕ್ಷೆಗಳು 1981ರಲ್ಲಿ ಸುಮಾರು 2,100, 1992ರಲ್ಲಿ 3,400, 2004ರಲ್ಲಿ 4,600 ಗಂಡುಗಳನ್ನು ಲೆಕ್ಕ ಹಾಕಿದವು. ಕತ್ತಲಲ್ಲಿ ಸೊಳ್ಳೆ ಕಡಿಸಿಕೊಂಡು ನಿಂತು ಕಿವಿಗೊಟ್ಟವರಲ್ಲಿ ಬಹುಮಂದಿ ಸ್ವಯಂಸೇವಕರು. ಡಾರ್ಟ್‌ಫರ್ಡ್ ವಾರ್ಬ್ಲರ್ ಸಂಖ್ಯೆಯೂ 2006ರ ಸಮೀಕ್ಷೆಯಲ್ಲಿ ಸುಮಾರು 3,200 ಜೋಡಿಗೆ ಏರಿತ್ತು. ಇದರಲ್ಲಿ ಸೌಮ್ಯ ಚಳಿಗಾಲಗಳ ಪಾಲು ದೊಡ್ಡದು, ಎಲ್ಲವನ್ನೂ ಗರಗಸದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಸರೀಸೃಪಗಳ ಎಣಿಕೆಗೆ ಪೊದೆಗಳ ನಡುವೆ ತಗಡಿನ ತುಂಡುಗಳನ್ನು ಇಡುತ್ತಾರೆ. ಬಿಸಿಲಿಗೆ ಕಾದ ತಗಡಿನಡಿ ಹಾವು, ಹಲ್ಲಿಗಳು ಬೆಚ್ಚಗಾಗಲು ಸೇರುತ್ತವೆ. ನಿಯಮಿತವಾಗಿ ತಗಡು ಎತ್ತಿ ನೋಡಿ ಬರೆದುಕೊಂಡರಾಯಿತು.

ಕಳೆದುಹೋದ ಹೀತ್ ಮರಳುವ ಬಗೆ

ಪೈನ್ ತೋಪನ್ನು ತೆಗೆದ ನೆಲ ಬೇಗ ಹೀತ್ ಆಗುತ್ತದೆ, ಹೊಲವಾಗಿದ್ದ ನೆಲ ಸುಲಭವಾಗಿ ಆಗುವುದಿಲ್ಲ. ಹೆದರ್ ಬೀಜ ಧೂಳಿನಷ್ಟು ಸಣ್ಣದು. ಮಣ್ಣಿನಲ್ಲಿ ಹುದುಗಿ ಹಲವು ದಶಕ ಜೀವ ಹಿಡಿದಿರಬಲ್ಲದು. ತೋಪನ್ನು ಕಡಿದು, ಸೂಜಿಯೆಲೆಯ ದಪ್ಪ ಹಾಸನ್ನು ಕೆರೆದು ತೆಗೆದು ಬೆಳಕು ಬಿದ್ದರೆ, ಅಜ್ಜನ ಕಾಲದಲ್ಲಿ ಉದುರಿದ ಬೀಜ ಮೊಳೆಯುತ್ತದೆ. ಹೊಲದಲ್ಲಿ ಉಳುಮೆ ಆ ಬೀಜಗಳನ್ನು ಮುಗಿಸಿರುತ್ತದೆ. ಸುಣ್ಣ ಆಮ್ಲೀಯತೆಯನ್ನು ಇಳಿಸಿರುತ್ತದೆ, ಗೊಬ್ಬರದ ರಂಜಕ ಮಣ್ಣಿನಲ್ಲಿ ದೀರ್ಘಕಾಲ ಉಳಿದಿರುತ್ತದೆ. ಅಂಥ ಕಡೆ ಸತ್ವಭರಿತ ಮೇಲ್ಮಣ್ಣನ್ನೇ ಯಂತ್ರದಿಂದ ಹೆರೆದು ಸಾಗಿಸುತ್ತಾರೆ, ಅಥವಾ ಗಂಧಕ ಬೆರೆಸಿ ಮಣ್ಣನ್ನು ಮತ್ತೆ ಆಮ್ಲೀಯಗೊಳಿಸುತ್ತಾರೆ. ಬಳಿಕ ಬೇರೆ ಹೀತ್‌ನಲ್ಲಿ ಬೀಜ ತುಂಬಿದಾಗ ಕೊಯ್ದ ಹೆದರನ್ನು ತಂದು ಹರಡುತ್ತಾರೆ.

ಜೀವಿಗಳನ್ನು ಮರಳಿ ತರುವುದು ಕೊನೆಯ ಹಂತ. ಗಂಡಿನ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳಿರುವ ಲೇಡಿಬರ್ಡ್ ಜೇಡ ಬ್ರಿಟನ್ನಿನಲ್ಲಿ ಅಳಿದುಹೋಯಿತೆಂದೇ ನಂಬಲಾಗಿತ್ತು. 1980ರಲ್ಲಿ ಡಾರ್ಸೆಟ್ಟಿನ ಒಂದು ಚಿಕ್ಕ ತಾಣದಲ್ಲಿ ಅದು ಮತ್ತೆ ಪತ್ತೆಯಾಯಿತು. ಹೊಸ ತಾಣಗಳಿಗೆ ಅದನ್ನು ಸಾಗಿಸಲು ಬಳಸಿದ್ದು ಖಾಲಿ ನೀರಿನ ಬಾಟಲಿಗಳನ್ನು. ಪ್ಲಾಸ್ಟಿಕ್ ಬಾಟಲಿಯೊಳಗೆ ಹೆದರ್ ಮತ್ತು ಪಾಚಿ ತುಂಬಿ, ಜೇಡ ಅಲ್ಲಿ ಬಲೆ ಕಟ್ಟಿದ ಮೇಲೆ ಬಾಟಲಿಯನ್ನೇ ನೆಲದಲ್ಲಿ ಹೂಳುತ್ತಾರೆ. 2011ರಲ್ಲಿ ಆರ್‌ಎಸ್‌ಪಿಬಿಯ ಆರ್ನ್ ಅಭಯಧಾಮಕ್ಕೆ ಜೇಡಗಳು ಬಂದದ್ದು ಹೀಗೆ.

ಎಲ್ಲೆಲ್ಲಿ?

ಆರ್ನ್ ಈಗ ಒಂದು ದೊಡ್ಡ ಭೂಭಾಗದ ತುಣುಕು. ಚೂರುಗಳಾಗಿದ್ದ ಹೀತ್‌ಗಳನ್ನು ಮತ್ತೆ ಜೋಡಿಸುವ ಉದ್ದೇಶದಿಂದ ಏಳು ಭೂಸ್ವಾಮ್ಯ ಹಾಗೂ ನಿರ್ವಹಣಾ ಸಂಸ್ಥೆಗಳು ಸೇರಿ 2020ರಲ್ಲಿ ಪರ್ಬೆಕ್ ಹೀತ್ಸ್ ರಾಷ್ಟ್ರೀಯ ನಿಸರ್ಗಧಾಮವನ್ನು ರೂಪಿಸಿದವು. ವಿಸ್ತೀರ್ಣ 3,331 ಹೆಕ್ಟೇರ್. ಬೇಲಿಗಳನ್ನು ತೆಗೆದು ದನ, ಕುದುರೆ, ಹಂದಿಗಳನ್ನು ವಿಶಾಲ ಪ್ರದೇಶದಲ್ಲಿ ಮೇಯಬಿಡುವುದು ಅಲ್ಲಿನ ಕ್ರಮ. ಹ್ಯಾಂಪ್‌ಶೈರಿನ ನ್ಯೂ ಫಾರೆಸ್ಟ್‌ನಲ್ಲಿ ಹಳೆಯ ಮೇಯಿಸುವ ಹಕ್ಕುಗಳು ಇಂದಿಗೂ ಜೀವಂತವಾಗಿವೆ. ಕುಟುಂಬಗಳ ಕುದುರೆಗಳೇ ಬಯಲನ್ನು ಕಾಯುತ್ತವೆ. ಸರ್ರಿ ಕೌಂಟಿಯ ಹೀತ್‌ಗಳು ಲಂಡನ್ನಿಗೆ ಸಮೀಪದಲ್ಲಿವೆ. ಪೂರ್ವದಲ್ಲಿ ಸಫೋಕ್ ಕರಾವಳಿಯ ಸ್ಯಾಂಡ್ಲಿಂಗ್ಸ್ ಇದೆ.

ಹೀತ್‌ನ ಒಂದು ಸಸ್ಯ ಕರ್ನಾಟಕದ ಗಡಿಯ ಸಮೀಪಕ್ಕೂ ಬಂದಿದೆ. ಬ್ರಿಟಿಷರ ಕಾಲದಲ್ಲಿ ನೀಲಗಿರಿಗೆ ಬಂದ ಗಾರ್ಸ್, ಅಲ್ಲಿನ ಶೋಲಾ ಹುಲ್ಲುಗಾವಲುಗಳನ್ನು ಆಕ್ರಮಿಸಿದೆ. ಡಾರ್ಸೆಟ್ಟಿನಲ್ಲಿ ವಾರ್ಬ್ಲರ್‌ಗಾಗಿ ಕಾಪಾಡುವ ಮುಳ್ಳನ್ನೇ ಊಟಿಯ ಮೇಲ್ನಾಡಿನಲ್ಲಿ ವಾಟಲ್ ಮರಗಳ ಜೊತೆ ಕಿತ್ತು ತೆಗೆಯಬೇಕಾಗಿದೆ. ತೆರೆದ ಬಯಲೆಂದರೆ ಮರ ನೆಡಬೇಕಾದ ಖಾಲಿ ಜಾಗವೆಂಬ ಗ್ರಹಿಕೆಗೂ ಇಲ್ಲಿ ಕೊರತೆಯಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಬೆಳೆದು ನಿಂತ ನೀಲಗಿರಿ ಮರದ ತೋಪುಗಳು ಅದಕ್ಕೆ ಸಾಕ್ಷಿ.

ತಕರಾರುಗಳು ಮತ್ತು ಮಿತಿಗಳು

ಹವಾಮಾನ ಬದಲಾವಣೆಯ ಕಾಲದಲ್ಲಿ ಮರ ಕಡಿಯುವುದನ್ನು ಸ್ಥಳೀಯರು ಪ್ರಶ್ನಿಸುತ್ತಾರೆ. ದನಗಳಿಗಾಗಿ ಬೇಲಿ ಹಾಕಿದರೆ ನಡೆದಾಡಲು ಬರುವವರು ಆಕ್ಷೇಪಿಸುತ್ತಾರೆ. ಎರಡಕ್ಕೂ ಉತ್ತರ ಕೊಡಬೇಕಾದವರು ಅನೇಕ ವೇಳೆ ಗರಗಸ ಹಿಡಿದ ಸ್ವಯಂಸೇವಕರೇ. ಆದ್ದರಿಂದ ಕೆಲಸದ ಜಾಗದಲ್ಲಿ ವಿವರಣೆಯ ಫಲಕ ನಿಲ್ಲಿಸುವುದು ರೂಢಿ.

ಇನ್ನು ಕೆಲವು ಒತ್ತಡಗಳು ಕೈಕೆಲಸಕ್ಕೆ ಬಗ್ಗುವುದಿಲ್ಲ. ಮನೆಗಳು ಹತ್ತಿರವಾದಷ್ಟೂ ನಾಯಿಗಳ ಓಡಾಟ, ಬೆಕ್ಕುಗಳ ಬೇಟೆ, ಬೆಂಕಿ ಹೆಚ್ಚುತ್ತವೆ. ಹೀಗಾಗಿ ಡಾರ್ಸೆಟ್ ಮತ್ತು ಥೇಮ್ಸ್ ಕಣಿವೆಯ ಸಂರಕ್ಷಿತ ಹೀತ್‌ಗಳಿಂದ 400 ಮೀಟರ್ ಒಳಗೆ ಹೊಸ ಮನೆಗಳಿಗೆ ಸಾಮಾನ್ಯವಾಗಿ ಅನುಮತಿಯಿಲ್ಲ. ಮೇ 2020ರಲ್ಲಿ ಡಾರ್ಸೆಟ್ಟಿನ ವೇರಮ್ ಫಾರೆಸ್ಟ್‌ನಲ್ಲಿ ಎದ್ದ ಬೆಂಕಿ ಸುಮಾರು 220 ಹೆಕ್ಟೇರ್ ಸುಟ್ಟಿತು. ಬಳಸಿ ಬಿಸಾಡುವ ಬಾರ್ಬೆಕ್ಯೂ ಒಲೆಗಳ ಅವಶೇಷಗಳು ಅಲ್ಲಿ ಸಿಕ್ಕಿದ್ದವು. ಸುಟ್ಟ ಹೆದರ್ ಮತ್ತೆ ಚಿಗುರುತ್ತದೆ, ಓಡಲಾರದ ಹಾವು, ಹಲ್ಲಿಗಳು ಮಾತ್ರ ಮರಳಲು ಪಕ್ಕದಲ್ಲಿ ಬದುಕುಳಿದ ಹೀತ್ ಬೇಕು. ಎಲ್ಲಕ್ಕಿಂತ ಸದ್ದಿಲ್ಲದ್ದು ಗಾಳಿಯಿಂದ ಇಳಿಯುವ ಸಾರಜನಕ. ವಾಹನಗಳ ಹೊಗೆ ಮತ್ತು ಪಶುಸಾಕಣೆಯ ಅಮೋನಿಯಾ ಮಳೆಯೊಂದಿಗೆ ಬಿದ್ದು, ಯಾರೂ ಹಾಕದ ಗೊಬ್ಬರವಾಗುತ್ತವೆ. ಆಗ ಹೆದರ್ ಸೋತು ಹುಲ್ಲು ಗೆಲ್ಲುತ್ತದೆ. ಮೇಯಿಸಿ, ಕೊಯ್ದು, ಕೆರೆದು ಆ ಸತ್ವವನ್ನು ಹೊರಹಾಕುವ ವೇಗ ಅದು ಬೀಳುವ ವೇಗಕ್ಕಿಂತ ಹೆಚ್ಚಿದ್ದರೆ ಮಾತ್ರ ಹೀತ್ ಹೀತ್ ಆಗಿ ಉಳಿಯುತ್ತದೆ.